ಎರಡು ಕಂಬಗಳ ಹಿಂದೆ ನನ್ನ ಬೂಟು

ಕೆಂಟನ್ ಸ್ಟೇಷನ್ನಿನಲ್ಲಿ ಟ್ಯೂಬ್ ರೈಲು ಹತ್ತುವಾಗ ಜಿಟಿಜಿಟಿ ಮಳೆ. ತೊಂಬತ್ತರ ದಶಕದ ನಡುವಿನ ಒಂದು ಫೆಬ್ರವರಿ ಅದು. ಧಾರವಾಡದ ಹೈಸ್ಕೂಲಿನಿಂದ ನಿವೃತ್ತಳಾದ ನಾನು ವಿಲಾಯತಿಯಲ್ಲಿದ್ದ ತಮ್ಮ ಶ್ರೀಧರನ ಮನೆಗೆ ಬಂದು ಇನ್ನೂ ವಾರವಷ್ಟೇ ಆಗಿತ್ತು. ಜೊತೆಗಿದ್ದವಳು ಅವನ ಮಗಳು ಮೇಧಾ. ಅವಳಿಗೆ ಅಂದು ಮಧ್ಯಾಹ್ನ ಎರಡಕ್ಕೆ ಊರ ನಡುವಿನ ಒಂದು ಹಳೆಯ ವಿಶ್ವವಿದ್ಯಾಲಯದಲ್ಲಿ ಸಂದರ್ಶನವಿತ್ತು.

ಹುಡುಗಿಗೆ ಕಟ್ಟಡಗಳ ಇತಿಹಾಸ ಓದುವ ಹುಚ್ಚು. ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಶ್ರೀಧರನಿಗೆ ಮಗಳೂ ಡಾಕ್ಟರಾಗಬೇಕೆಂಬ ಹಟ. ಈ ಸೀಟು ಸಿಕ್ಕರೆ ಅವಳ ಮಾತು ನಡೆಯಬೇಕು, ಸಿಗದಿದ್ದರೆ ಅವನದು ಎಂದು ಅಪ್ಪ ಮಗಳು ಒಪ್ಪಿಕೊಂಡಿದ್ದರು. ಅವನಿಗೆ ಡ್ಯೂಟಿ, ಅವನ ಹೆಂಡತಿಗೆ ಕೌನ್ಸಿಲ್ ಆಫೀಸಿನಲ್ಲಿ ರಜೆಯಿಲ್ಲ. ಹೀಗಾಗಿ ಕಾವಲಿಗೆ ನಾನು. ಮೇಧಾಳ ಅಂಗೈಗೆ ಮೊಸರು ಸಕ್ಕರೆ ಹಾಕುವಾಗ ಶ್ರೀಧರ, "ಅಕ್ಕಾ, ಅಲ್ಲೆ ಸುಮ್ಮನ ಕೂಡು. ನಿನ್ನ ಉಪದ್ವ್ಯಾಪ ಏನೂ ಬ್ಯಾಡ" ಎಂದ. ನಾನೇನು ಸಣ್ಣ ಕೂಸೇ?

ದಿನದ ಟಿಕೆಟ್ಟಿಗೆ ಮೂರು ಪೌಂಡು ಚಿಲ್ಲರೆ. ಮನಸ್ಸಿನಲ್ಲೇ ರೂಪಾಯಿ ಮಾಡಿ ನೋಡಿ ಎದೆ ಝಲ್ಲೆಂದಿತು. ಬೇಕರ್ ಸ್ಟ್ರೀಟಿನಲ್ಲಿ ಗಾಡಿ ಬದಲಿಸಿದೆವು. ಬಾಳೆಹಣ್ಣು ತಿಂದು ಸಿಪ್ಪೆ ಎಸೆಯಲು ಹುಡುಕಿದರೆ ಪ್ಲಾಟ್‌ಫಾರ್ಮಿನಲ್ಲಿ ಒಂದೂ ಕಸದ ಬುಟ್ಟಿಯಿಲ್ಲ. ಬಾಂಬಿನ ಭಯಕ್ಕೆ ತೆಗೆದುಬಿಟ್ಟಿದ್ದಾರಂತೆ. ಯಾರೂ ಚೀಲ ಬಿಟ್ಟು ಹೋಗಬೇಡಿ ಎಂದು ಮೈಕಿನಲ್ಲಿ ಮತ್ತೆ ಮತ್ತೆ ಕೂಗುತ್ತಿದ್ದರು. ಸಿಪ್ಪೆಯನ್ನು ನನ್ನ ಕೈಚೀಲಕ್ಕೇ ಹಾಕಿಕೊಂಡೆ.

ಯೂಸ್ಟನ್ ಸ್ಕ್ವೇರಿನಲ್ಲಿ ಇಳಿದಾಗ ಇನ್ನೂ ಹೊತ್ತಿತ್ತು. ಮೇಧಾ ನನ್ನನ್ನು ಸುತ್ತಾಡಿಸಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮನೆಯಲ್ಲಿ ಬಾಯಿ ಬಿಡದ ಹುಡುಗಿ ಕಟ್ಟಡ ಕಂಡರೆ ಸಾಕು, ಅರಳು ಹುರಿದಂತೆ ಪಟಪಟ. ಒಂದು ಬಿಳಿಗಲ್ಲಿನ ಭಾರೀ ಗೋಪುರದ ಬುಡದಲ್ಲಿ ನಿಲ್ಲಿಸಿ, ಅದರ ಹೊಟ್ಟೆಯ ತುಂಬ ಪುಸ್ತಕಗಳೇ ಇವೆ ಎಂದಳು. ಕತ್ತೆತ್ತಿ ನೋಡುತ್ತ ಟೋಪಿ ಬೀಳಿಸಿಕೊಂಡೆ. ಪಕ್ಕದ ಚೌಕದ ತೋಟದಲ್ಲಿ ಒದ್ದೆ ಬೆಂಚು ಒರೆಸಿ ಒಗ್ಗರಣೆ ಅವಲಕ್ಕಿ ತಿಂದೆವು. ಅವಳು ಎರಡೇ ಚಮಚ ತಿಂದು ಮುಚ್ಚಳ ಹಾಕಿದಳು.

ಆಮೇಲೆ ಗೇಟು ದಾಟಿ ದೊಡ್ಡ ಅಂಗಳಕ್ಕೆ ಬಂದೆವು. ಎದುರಿಗೆ ಅಗಲವಾದ ಮೆಟ್ಟಿಲು, ಸಾಲಾಗಿ ಹತ್ತು ಕಂಬ, ಮೇಲೆ ಗುಮ್ಮಟ. ಅಬ್ಬಾ! ಇದು ಗುಡಿಯಲ್ಲದೆ ಮತ್ತೇನು? ಅದೂ ವಿದ್ಯೆಯ ಗುಡಿ. ಮೇಧಾ ಹೆಸರು ಬರೆಸಲು ಮುಂದೆ ಓಡಿದಳು. ನಾನು ಬೂಟು ಬಿಚ್ಚಿದೆ. ಕಿಂಗ್ಸ್‌ಬರಿಯಲ್ಲಿ ಕೊಂಡ ಹೊಚ್ಚಹೊಸ ಬೂಟು. ಧಾರವಾಡದ ಹನುಮಪ್ಪನ ಗುಡಿಯ ಮುಂದೆ ಮೂರು ಜೋಡಿ ಚಪ್ಪಲಿ ಕಳೆದುಕೊಂಡವಳು ನಾನು. ಅಂದಿನಿಂದ ಒಂದನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಬಿಡುವುದೇ ರೂಢಿ. ಒಂಟಿ ಚಪ್ಪಲಿಯನ್ನು ಯಾವ ಕಳ್ಳ ಒಯ್ದಾನು? ಮಳೆಗೆ ನೆನೆಯದಿರಲೆಂದು ಒಂದೊಂದನ್ನು ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಈ ತುದಿಯ ಕಂಬದ ಹಿಂದೊಂದು, ಆ ತುದಿಯ ಕಂಬದ ಹಿಂದೊಂದು ಇಟ್ಟೆ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಕಾವಲಿನವನೊಬ್ಬ ಎಲ್ಲರನ್ನೂ ಪಕ್ಕದ ಬಾಗಿಲಿನಿಂದ ಹೊರಗೆ ಕಳಿಸತೊಡಗಿದ. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಎಲ್ಲರೂ ಮಳೆಯಲ್ಲಿ ಅಂಗಳದ ಮೂಲೆಗೆ. ಪೊಲೀಸರು ಬರುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಸಂಜೆಯೇ ಆಗಬಹುದು ಎಂದರು. ಮೇಧಾಳ ಕಣ್ಣು ತುಂಬಿತು. "ನನ್ನ ಇಂಟರ್‌ವ್ಯೂ ಹೋಯಿತು" ಎಂದಳು ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಪಕ್ಕದವರು ಮಾತಾಡಿಕೊಂಡದ್ದು ಕೇಳಿಸಿತು: ಕಂಬಗಳ ಹಿಂದೆ ಚೀಲಗಳು, ಒಂದಲ್ಲ, ಎರಡು!

ನನ್ನ ಜೀವ ಬಾಯಿಗೆ ಬಂತು. "ಮೇಧಾ, ಅವು ನನ್ನ ಬೂಟು" ಎಂದೆ.

ಅವಳು ನನ್ನ ಒದ್ದೆ ಕಾಲುಚೀಲ ನೋಡಿದಳು. ಮುಖ ಕೆಂಪಾಯಿತು. ಸುಮ್ಮನಿದ್ದರೆ ಸಂದರ್ಶನ ಹೋಯಿತು. ಬಾಯಿ ಬಿಟ್ಟರೆ ಸಂದರ್ಶನ ಮಾಡುವವರ ಎದುರಿಗೇ ನಗೆಪಾಟಲು. "ತಪ್ಪು ನಂದು, ನಾನ ಹೇಳ್ತೀನಿ" ಎಂದು ಹೊರಟೆ. "ನೋ ಅತ್ಯಾ, ನೀವು ಇಲ್ಲೇ ಇರ್ರಿ" ಎಂದು ಗಡಿಬಿಡಿಯಲ್ಲಿ ಕನ್ನಡದಲ್ಲೇ ಹೇಳಿ, ನನ್ನ ತೋಳು ಹಿಡಿದು ನಿಲ್ಲಿಸಿ, ತಾನೇ ಕಾವಲಿನವನ ಹತ್ತಿರ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದಳು.

ಅವನು ನಮ್ಮಿಬ್ಬರನ್ನೂ ಏನೇನೋ ಕೇಳಿ, ವೈರ್‌ಲೆಸ್ಸಿನಲ್ಲಿ ಮಾತಾಡಿ, ಕೊನೆಗೆ ಚೀಲ ಬಿಚ್ಚಿದ. ಒಂದು ಬೂಟು ಬಂತು. ಇನ್ನೊಂದು ಚೀಲದಿಂದ ಇನ್ನೊಂದು. ಅಂಗಳವೆಲ್ಲ ಹೋ ಎಂದು ನಕ್ಕಿತು. ನಾನು ನೆಲ ನೋಡುತ್ತ ನಿಂತೆ. ಆಗ ಕೊಡೆ ಹಿಡಿದ ನರೆಗೂದಲಿನ ಹೆಂಗಸೊಬ್ಬರು ಮುಂದೆ ಬಂದು, ಇವರು ಬೂಟು ಏಕೆ ಬಿಚ್ಚಿದರು ಎಂದು ಮೇಧಾಳನ್ನು ಕೇಳಿದರು.

ಮೇಧಾ ಕತ್ತೆತ್ತಿ ಕಂಬಗಳ ಕಡೆ ಕೈ ತೋರಿಸಿದಳು. "ನೀವು ಇದನ್ನು ಗುಡಿಯ ಹಾಗೆ ಕಟ್ಟಿದ್ದೀರಿ. ಮೆಟ್ಟಿಲು, ಕಂಬ, ಗುಮ್ಮಟ, ಎಲ್ಲ ಗುಡಿಯದೇ. ಇಷ್ಟು ವರ್ಷದಲ್ಲಿ ಅದನ್ನು ನಂಬಿದವರು ನಮ್ಮ ಅತ್ಯಾ ಒಬ್ಬರೇ ಇರಬೇಕು" ಎಂದಳು ಇಂಗ್ಲಿಷಿನಲ್ಲಿ.

ನಗು ನಿಂತಿತು. ಆ ಹೆಂಗಸು ಅವಳ ಹೆಸರು ಕೇಳಿ, "ಉಳಿದದ್ದನ್ನು ನನ್ನ ಕೋಣೆಯಲ್ಲಿ ಹೇಳು. ಎರಡು ಗಂಟೆಯ ಹುಡುಗಿ ನೀನೇ ತಾನೇ?" ಎಂದರು. ನನಗೆ ಕುಣಿಯಬೇಕೆನ್ನಿಸಿತು. ಕಾವಲಿನವನು ಬೂಟು ತಂದುಕೊಟ್ಟು, "ಮುಂದಿನ ಸಲ ಎರಡೂ ಒಂದೇ ಕಡೆ ಬಿಡಿ, ಮೇಡಂ" ಎಂದ. ಸಂಜೆ ಗೇಟಿನಿಂದ ತಿರುಗಿ ನೋಡಿದರೆ ಗುಮ್ಮಟದ ಮೇಲೆ ಒಂದಿಷ್ಟು ಬಿಸಿಲು ಬಿದ್ದಿತ್ತು. ಉಳಿದ ಅವಲಕ್ಕಿಯನ್ನು ಮೇಧಾ ಟ್ಯೂಬಿನಲ್ಲಿ ಪೂರ್ತಿ ತಿಂದಳು.

ಮುಂದಿನ ತಿಂಗಳು ನಾನು ಧಾರವಾಡಕ್ಕೆ ಮರಳಿದೆ. ಸೀಟು ಸಿಕ್ಕ ಸುದ್ದಿಯನ್ನು ಶ್ರೀಧರನೇ ಫೋನಿನಲ್ಲಿ ಹೇಳಿದ. "ನಿನ್ನ ಉಪದ್ವ್ಯಾಪ ಗೆದ್ದಿತು ನೋಡಕ್ಕಾ" ಎಂದು ಗೊಣಗಿದರೂ ದನಿಯಲ್ಲಿ ಹೆಮ್ಮೆಯಿತ್ತು. ಕಾಲೇಜು ಶುರುವಾದ ದಿನ ಮೇಧಾಳ ಫೋನು ಬಂತು. ಅಂದು ಅವಳು ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನೂ ಆಡಲಿಲ್ಲ.

"ಅತ್ಯಾ, ಇವತ್ತ ನಾನೂ ಬೂಟು ಬಿಚ್ಚಿ ಒಳಗ ಹೋದೆ. ಆದ್ರ ಎರಡೂ ಒಂದ ಕಡೆ ಇಟ್ಟಿದ್ದೆ."