ಸದ್ದು ಕಡಿಮೆಯಾದ ವಾರ್ಡು

ದೊಡ್ಡಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸ್. ಅಲ್ಲಿ ಮಾನಿಟರುಗಳು ಸುಮ್ಮನಿದ್ದ ಗಳಿಗೆಯೇ ಇರಲಿಲ್ಲ. ರೋಗಿ ಮಗ್ಗುಲು ಬದಲಿಸಿದರೂ ಕೂಗು, ಬೆರಳಿನ ಕ್ಲಿಪ್ ಜಾರಿದರೂ ಕೂಗು, ಬೆವರಿಗೆ ಎದೆಯ ಮೇಲಿನ ಪಟ್ಟಿ ಸಡಿಲವಾದರೂ ಕೂಗು. ಗುಂಡಿ ಒತ್ತಿ ಸುಮ್ಮನಾಗಿಸಿ ಮುಂದೆ ಹೋಗುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು.

ಕಳೆದ ಬೇಸಿಗೆಯಲ್ಲಿ ನಮ್ಮ ಪಕ್ಕದ ಚನ್ನರಾಯಪಟ್ಟಣ ಹೋಬಳಿ ಕಡೆಯ ಅಜ್ಜಿಯೊಬ್ಬರು ಜ್ವರ, ಉಬ್ಬಸ ಎಂದು ದಾಖಲಾದರು. ಹೊಲದಲ್ಲಿ ದುಡಿದ ಜೀವ, ನಾಡಿ ನಿಧಾನ. ನಾಡಿ ಐವತ್ತಕ್ಕಿಂತ ಕೆಳಗಿಳಿದರೆ ಮಾನಿಟರು ಕೂಗಬೇಕು ಎಂಬುದು ಎಲ್ಲ ರೋಗಿಗಳಿಗೂ ಇಟ್ಟಿದ್ದ ಒಂದೇ ಮಿತಿ. ಅಜ್ಜಿಯದು ಅದರ ಆಸುಪಾಸಿನಲ್ಲೇ ಇದ್ದದ್ದರಿಂದ ದಿನವಿಡೀ ಕೂಗುತ್ತಿತ್ತು.

"ಅವ್ವಾ, ಆ ಡಬ್ಬ ಬಡ್ಕೊಂತಾನೇ ಐತೆ. ನಾನು ಇದೀನೋ ಹೋದ್ನೋ ನೀನೇ ಹೇಳ್ಬಿಡವ್ವ," ಎಂದರು ಅಜ್ಜಿ.

ನಾನು ನಕ್ಕೆ. ಹಿಂದೆ ನಿಂತಿದ್ದ ನಮ್ಮ ಹಿರಿಯ ಸಿಸ್ಟರ್ ನಗಲಿಲ್ಲ. "ಇದು ಎಷ್ಟೊತ್ತಿಂದ ಕೂಗ್ತಿದೆ?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವರು ಅಂದೇ ಡಾಕ್ಟರರನ್ನು ಕರೆತಂದು, ಅಜ್ಜಿಯ ನಾಡಿಗೆ ತಕ್ಕ ಮಿತಿ ಇಟ್ಟುಕೊಡಿ ಎಂದರು. ಡಾಕ್ಟರು ಇಸಿಜಿ, ಬಿಪಿ ನೋಡಿ ಮಿತಿಯನ್ನು ತುಸು ಇಳಿಸಿದರು. ನಾನು ಸಿಸ್ಟರನ್ನು ಪಕ್ಕಕ್ಕೆ ಕರೆದೆ.

"ಸಿಸ್ಟರ್, ಏನಾದ್ರೂ ಆದ್ರೆ ನಮ್ಮ ತಲೆಗೇ ಬರುತ್ತೆ."

"ಇದು ಹೀಗೆ ದಿನವಿಡೀ ಕೂಗ್ತಿದ್ರೆ, ನಿಜವಾಗ್ಲೂ ಏನಾದ್ರೂ ಆದಾಗ ನಮಗೆ ಗೊತ್ತಾಗುತ್ತಾ, ಹೇಳು?"

ಆಮೇಲೆ ಪ್ರತಿಯೊಬ್ಬ ರೋಗಿಗೂ ಡಾಕ್ಟರರನ್ನು ಕೇಳಿಯೇ ಮಿತಿ ಹಾಕಿದೆವು. ದಿನಾ ಬೆಳಿಗ್ಗೆ ಮೈ ಒರೆಸಿ ಎದೆಗೆ ಹೊಸ ಪಟ್ಟಿ ಅಂಟಿಸತೊಡಗಿದೆವು. ವಾರ್ಡು ತಣ್ಣಗಾಯಿತು. ಆ ಮೌನವೇ ನನಗೆ ಕಸಿವಿಸಿ. ಮಾನಿಟರು ಆನ್ ಇದೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡುತ್ತಿದ್ದೆ.

ಕೆಲವು ದಿನಗಳ ನಂತರ, ಮಧ್ಯಾಹ್ನ ಗಂಜಿ ಕೊಡುವ ಹೊತ್ತಿಗೆ, ಅಜ್ಜಿಯ ಮಾನಿಟರು ಕೂಗಿತು. ಎಲ್ಲರ ತಲೆಯೂ ಒಮ್ಮೆಲೇ ಅತ್ತ ತಿರುಗಿತು. ಓಡಿ ಹೋದರೆ ಅಜ್ಜಿಯ ನಾಡಿ ಹೊಸ ಮಿತಿಗಿಂತಲೂ ಕೆಳಗಿಳಿದಿತ್ತು, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು, ಮೈ ತಣ್ಣಗೆ ಬೆವರಿತ್ತು. ಡಾಕ್ಟರು ಬಂದರು, ಇಂಜೆಕ್ಷನ್ ಹೋಯಿತು, ನಾಡಿ ಮೆಲ್ಲಗೆ ಏರಿತು. ಸಂಜೆಯೊಳಗೆ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಪೇಸ್‌ಮೇಕರ್ ಹಾಕಿದರೆಂದೂ, ಅಜ್ಜಿ ಮನೆಗೆ ಬಂದು ಸೊಸೆಯ ಅಡುಗೆಗೆ ಹೆಸರಿಡುತ್ತಿದ್ದಾರೆಂದೂ ಮಗ ಆಮೇಲೆ ಫೋನಿನಲ್ಲಿ ಹೇಳಿದ.

ಆ ಸಂಜೆ ಆಂಬುಲೆನ್ಸ್ ಹೋದ ಮೇಲೆ ಸಿಸ್ಟರ್ ಜೊತೆ ಕ್ಯಾಂಟೀನಿಗೆ ಹೋದೆ. ಅವರು ಎರಡು ಟೀ ತಂದು ಎದುರಿಗೆ ಕೂತರು.

"ನಂಗೂ ಭಯ ಇತ್ತು ಕಣೇ," ಎಂದರು ಮೆಲ್ಲಗೆ. "ಮಿತಿ ಇಳಿಸಿದ ಆವತ್ತಿಂದ ಸರಿಯಾಗಿ ನಿದ್ದೇನೇ ಮಾಡಿಲ್ಲ."