ಎಂಟುಕೈ ಸಾಹೇಬರು

ಒಳ್ಳೆಯವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ನನ್ನ ಹೊಟ್ಟೆ ಉರಿಸಿದವರ ಬಗ್ಗೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಪುಣ್ಯಕ್ಕೆ ಇವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಆದ್ದರಿಂದ ಧಾರಾಳವಾಗಿ ಆಡಬಹುದು.

ವಿಮಾನದ ಮೂತಿಯಲ್ಲಿ ಇಬ್ಬರು ಕೂರುತ್ತಾರೆ. ಎಡಗಡೆ ಕ್ಯಾಪ್ಟನ್, ಬಲಗಡೆ ಸಹ ಪೈಲಟ್. ಒಬ್ಬರು ಹಾರಿಸುತ್ತಿದ್ದರೆ ಇನ್ನೊಬ್ಬರು ರೇಡಿಯೋದಲ್ಲಿ ಮಾತಾಡಬೇಕು, ಅಂಕಿಗಳ ಮೇಲೆ ಕಣ್ಣಿಟ್ಟಿರಬೇಕು, ತಪ್ಪು ಕಂಡರೆ ಬಾಯಿಬಿಟ್ಟು ಹೇಳಬೇಕು. ಕೆಲಸ ಹಂಚಿಕೊಳ್ಳುವುದೂ ಅಲ್ಲಿ ಒಂದು ಕೆಲಸವೇ. ನಾನು ಸಹ ಪೈಲಟ್ ಆಗಿದ್ದಾಗಿನ ನಮ್ಮ ಕ್ಯಾಪ್ಟನ್ ಸಾಹೇಬರಿಗೆ ಮಾತ್ರ ಅದು ಆಗಿಬರುತ್ತಿರಲಿಲ್ಲ. ಹಾರಿಸುವವರೂ ಅವರೇ, ರೇಡಿಯೋದಲ್ಲಿ ಮಾತಾಡುವವರೂ ಅವರೇ. ಇಬ್ಬರು ಸೇರಿ ಓದಬೇಕಾದ ತಪಾಸಣಾ ಪಟ್ಟಿಯಲ್ಲಿ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಕೈ ಚಾಚಿ ನನ್ನ ಕಡೆಯ ಗುಂಡಿಗಳನ್ನೂ ಒತ್ತಿಬಿಡುತ್ತಿದ್ದರು. ಗಗನಸಖಿಯರು ಅವರಿಗೆ ‘ಎಂಟುಕೈ’ ಎಂದು ಹೆಸರಿಟ್ಟಿದ್ದರು. ಅಷ್ಟೊಂದು ಕೈ ಇದ್ದರೂ ಕಾಫಿ ಲೋಟ ಹಿಡಿಯಲು ಮಾತ್ರ ನಾನು ಬೇಕಾಗಿತ್ತು.

ವಿಮಾನ ಹತ್ತುವ ಮೊದಲು ಮೆಟ್ಟಿಲ ಮೇಲೆ ನಿಂತು ದಿನವೂ ಅದೇ ಉಪದೇಶ.

“ನೋಡಮ್ಮಾ, ನಾನು ಕೇಳೋ ತನಕ ಬಾಯಿ ಬಿಡಬೇಡ. ನನ್ನ ಗಮನ ಕೆಡುತ್ತೆ.”

ಒಂದು ಮಧ್ಯಾಹ್ನ ಮೋಡ ಕವಿದಿತ್ತು. ಇಳಿಯುವಾಗ ಇಷ್ಟು ಎತ್ತರಕ್ಕಿಂತ ಕೆಳಗೆ ಬರಬೇಡಿ ಎಂದು ನೆಲದಿಂದ ಸೂಚನೆ ಬಂತು. ಕೇಳಿಸಿಕೊಂಡವರೂ ಅವರೇ, ಅಂಕಿ ತಿರುಗಿಸಿದವರೂ ಅವರೇ, ತಿರುಗಿಸಿದ್ದು ತಪ್ಪು ಅಂಕಿ. ನಾನು ಹೇಳಿದೆ. ಅವರು ನನ್ನತ್ತ ನೋಡದೆ ಅಂಗೈ ಅಡ್ಡ ಹಿಡಿದರು. ಮತ್ತೆ ಹೇಳಿದೆ. “ಶ್!” ಎಂದರು, ತರಗತಿಯಲ್ಲಿ ಗಲಾಟೆ ಮಾಡುವ ಮಗುವಿಗೆ ಹೇಳಿದ ಹಾಗೆ. ಕೊನೆಗೆ ನೆಲದಲ್ಲಿದ್ದವರೇ ರೇಡಿಯೋದಲ್ಲಿ ಕೂಗಿಕೊಂಡ ಮೇಲೆ ವಿಮಾನ ಮೇಲೇರಿತು. ಹಿಂದೆ ಕೂತಿದ್ದ ಪ್ರಯಾಣಿಕರಿಗೆ ಹೊಟ್ಟೆ ಒಮ್ಮೆ ಜುಮ್ಮೆಂದಿತು, ಅಷ್ಟೇ.

ಕಚೇರಿಯಲ್ಲಿ ವಿಚಾರಣೆಯಾಯಿತು. ಸಾಹೇಬರು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದರು: “ಇಳಿಯೋ ಹೊತ್ತಲ್ಲಿ ಈ ಹುಡುಗಿ ವಟವಟ ಅಂತ ತಲೆ ತಿಂದ್ಲು. ಅದಕ್ಕೇ ಹಾಗಾಯ್ತು. ಪಾಪ, ಇನ್ನೂ ಅನುಭವ ಸಾಲದು.”

ಆ ‘ಪಾಪ’ ಎಂಬ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಅವರ ಹುದ್ದೆಯ ಮುಂದೆ ನನ್ನ ಮಾತು ಯಾರಿಗೆ ಬೇಕಿತ್ತು? ಮುಂದಿನ ಸರದಿಯಲ್ಲಿ ನಾನು ಎಡಗಡೆಯ ಆಸನಕ್ಕೆ ಹೋಗಬೇಕಿತ್ತು. ಅದು ತಪ್ಪಿತು. ಆಮೇಲೂ ತಪ್ಪಿತು. ನನಗಿಂತ ಆಮೇಲೆ ಸೇರಿದ ಹುಡುಗರು ಒಬ್ಬೊಬ್ಬರಾಗಿ ಎಡಕ್ಕೆ ಹೋಗಿ ಕೂತರು. ಕೊನೆಗೆ ರೋಸಿಹೋಗಿ ತರಬೇತಿ ಕೇಂದ್ರಕ್ಕೆ ಕೇಳಿ ಹಾಕಿಸಿಕೊಂಡೆ.

ಬೇರೆ ತಾಯಂದಿರಾದರೆ ಕ್ಷಮಿಸಿಬಿಡು ಮಗಳೇ ಎನ್ನುತ್ತಿದ್ದರೇನೋ. ನನ್ನ ಅಮ್ಮ ಆ ಜಾತಿಯವಳಲ್ಲ. ಊಟದ ಮೇಜಿನ ಮೇಲೆ ಕಾಳು ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು: “ಈಗ ಹಾರಾಡಬೇಡ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಅವನು ಒಂದಿನ ನಿನ್ನ ಮುಂದೆ ಬಂದೇ ಬರ್ತಾನೆ. ಅಲ್ಲೀವರೆಗೆ ನಿನ್ನ ಕೆಲಸ ಸರಿಯಾಗಿ ಕಲ್ತುಕೋ.”

ಕಲಿತುಕೊಂಡೆ, ಪರೀಕ್ಷಕಿಯೂ ಆದೆ. ತರಬೇತಿ ಕೇಂದ್ರದ ದೊಡ್ಡ ಹಜಾರದಲ್ಲಿ ಕಬ್ಬಿಣದ ಕಾಲುಗಳ ಮೇಲೆ ಒಂದು ಬಿಳಿ ಡಬ್ಬಿ ನಿಂತಿದೆ. ಒಳಗೆ ಹೊಕ್ಕರೆ ಥೇಟು ವಿಮಾನದ ಮೂತಿಯೇ. ಡಬ್ಬಿ ನಡುಗುತ್ತದೆ, ವಾಲುತ್ತದೆ, ಕಿಟಕಿಯ ಪರದೆಯ ಮೇಲೆ ಊರು, ಹೊಲ, ಮೋಡ ಎಲ್ಲ ಓಡುತ್ತವೆ. ಎಷ್ಟೇ ದೊಡ್ಡ ಕ್ಯಾಪ್ಟನ್ ಆದರೂ ಆಗಾಗ ಬಂದು ಇದರಲ್ಲಿ ಪರೀಕ್ಷೆ ಪಾಸಾಗಲೇಬೇಕು. ಪರೀಕ್ಷಕಿ ಹಿಂದಿನ ಕುರ್ಚಿಯಲ್ಲಿ ಕೂತು ಬೆಂಕಿ, ಹೊಗೆ, ಗಾಳಿ ಏನು ಬೇಕಾದರೂ ಕೊಡಬಹುದು. ಬಹಳ ಹಿತವಾದ ಕುರ್ಚಿ.

ಎಂಟುಕೈ ಸಾಹೇಬರ ಪರೀಕ್ಷೆ ಯಾವಾಗಲೂ ಅವರ ಹಳೆಯ ಗೆಳೆಯರಾದ ಪರೀಕ್ಷಕರೊಬ್ಬರ ಪಾಲಿಗೇ ಹೋಗುತ್ತಿತ್ತು. ಈ ಸಲ ಗೆಳೆಯರು ಸೊಂಟ ಹಿಡಿದುಕೊಂಡು ಮಲಗಿಬಿಟ್ಟರು, ಸರದಿ ನನಗೆ ಬಂತು. ಅದೇ ವಾರ ಇನ್ನೊಂದು ಸುದ್ದಿಯೂ ಹಬ್ಬಿತ್ತು: ಈ ಪರೀಕ್ಷೆ ಪಾಸಾದ ಕೂಡಲೇ ಸಾಹೇಬರು ತರಬೇತಿ ಕೇಂದ್ರಕ್ಕೇ ಮುಖ್ಯಸ್ಥರಾಗಿ ಬರುತ್ತಾರೆ. ಅಂದರೆ ನಾನು ದಿನಾ ಬೆಳಿಗ್ಗೆ ಎದ್ದು ನಿಂತು ನಮಸ್ಕಾರ ಹೊಡೆಯಬೇಕು. ಅವರ ಮೆಟ್ಟಿಲ ಉಪದೇಶ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ಮೊದಲ ಪಾಠವಾಗುತ್ತದೆ. ನಾನು ಬದುಕಿರುವಾಗ? ಉಹೂಂ.

“ಓ, ನೀನಾ? ಇನ್ನೂ ಇಲ್ಲೇ ಇದ್ದೀಯಾ?” ಎಂದರು ನನ್ನನ್ನು ನೋಡಿ.

“ಇಲ್ಲೇ ಇದ್ದೀನಿ ಸಾರ್. ನಿಮಗೋಸ್ಕರವೇ ಕಾಯ್ತಾ ಇದ್ದೆ,” ಎಂದೆ. ಅವರು ಅದನ್ನು ಗೌರವವೆಂದುಕೊಂಡರು.

ಬಲಗಡೆ ಕೂರಲು ಒಬ್ಬ ಹೊಸ ಹುಡುಗಿ ಬಂದಿದ್ದಳು. ಸಣ್ಣ ಮೈಕಟ್ಟು, ಮೆಲುದನಿ. ಜೊತೆಯವರು ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಪರೀಕ್ಷೆ ಇಬ್ಬರಿಗೂ ಸೇರಿಯೇ ನಡೆಯುವಂಥದ್ದು. ಡಬ್ಬಿಯ ಮೆಟ್ಟಿಲು ಹತ್ತುವಾಗ ಸಾಹೇಬರು ತಿರುಗಿ ಅವಳಿಗೆ ಅದೇ ಮಾತು ಹೇಳಿದರು. ಒಂದಕ್ಷರ ಬದಲಾಗಿರಲಿಲ್ಲ. ಅವರ ಬೆನ್ನ ಹಿಂದೆಯೇ ಇದ್ದ ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ವಿಮಾನ ನೆಲ ಬಿಟ್ಟು ಏರುತ್ತಿದ್ದಂತೆ ಬಲಗಡೆಯ ಎಂಜಿನ್ನಿಗೆ ಬೆಂಕಿ ಕೊಟ್ಟೆ. ಗಂಟೆ ಬಡಿಯತೊಡಗಿತು. ಇಂಥ ಹೊತ್ತಿನಲ್ಲಿ ಕೆಟ್ಟ ಎಂಜಿನ್ನಿನ ಇಂಧನ ನಿಲ್ಲಿಸಬೇಕು. ಅದಕ್ಕೊಂದು ಕ್ರಮವಿದೆ. ಒಬ್ಬರು ಆ ಎಂಜಿನ್ನಿನ ಇಂಧನದ ಹಿಡಿಯ ಮೇಲೆ ಕೈಯಿಟ್ಟು “ಇದೇನಾ?” ಎಂದು ಕೇಳಬೇಕು, ಇನ್ನೊಬ್ಬರು ನೋಡಿ “ಹೌದು, ಅದೇ” ಎಂದ ಮೇಲೆಯೇ ಎಳೆಯಬೇಕು. ಗಾಬರಿಯಲ್ಲಿ ಎಂಥವರ ಕೈಯೂ ತಪ್ಪುತ್ತದೆ ಎಂದೇ ಮಾಡಿದ ಕ್ರಮ ಅದು.

ಗಂಟೆ ಬಡಿಯುತ್ತಿರುವಾಗಲೇ ನಾನು ನೆಲದ ಕೇಂದ್ರದವಳ ದನಿಯಲ್ಲಿ ಕೇಳತೊಡಗಿದೆ: ಎಷ್ಟು ಜನ ಇದ್ದೀರಿ? ಇಂಧನ ಎಷ್ಟಿದೆ? ಯಾವ ಕಡೆಯಿಂದ ಇಳಿಯುತ್ತೀರಿ? ಬೆನ್ನಿಗೇ ಗಗನಸಖಿಯ ದನಿಯಲ್ಲಿ, “ಸಾರ್, ಹಿಂದೆ ಹೊಗೆ ವಾಸನೆ ಬರ್ತಿದೆ, ಜನ ಎದ್ದು ನಿಂತಿದ್ದಾರೆ!” ಒಂದು ನಿಯಮವನ್ನೂ ಮೀರಲಿಲ್ಲ, ನಿಜವಾದ ಆಪತ್ತಿನಲ್ಲಿ ಹೀಗೆಯೇ ಆಗುತ್ತದೆ. ‘ರೇಡಿಯೋ ನೀನು ನೋಡಿಕೋ’ ಎಂದು ಪಕ್ಕದವಳಿಗೆ ಹೇಳಿದ್ದರೆ ಮುಗಿದಿತ್ತು. ಆ ಮಹಾನುಭಾವರಿಗೆ ಆ ಮಾತು ಬಾಯಿಗೆ ಬರಬೇಕಲ್ಲ! ಎಲ್ಲದಕ್ಕೂ ತಾವೇ ಉತ್ತರ ಕೊಡುತ್ತಾ, ತಾವೇ ಹಾರಿಸುತ್ತಾ, ಕತ್ತಿನ ಹಿಂದೆ ಬೆವರು ಇಳಿಯುತ್ತಿದ್ದಂತೆ ಒಂದು ಕೈ ಚಾಚಿ ಇಂಧನದ ಹಿಡಿಯನ್ನು ಹಿಡಿದುಕೊಂಡರು. ಎಡಗಡೆಯದನ್ನು.

ಗುಬ್ಬಿಯ ತಲೆ ಥಟ್ಟನೆ ಆ ಕಡೆ ತಿರುಗಿತು. ಬಾಯಿ ತೆರೆಯಿತು. ಮತ್ತೆ ಮುಚ್ಚಿಕೊಂಡಿತು. ನನ್ನ ಬೆರಳು ಆಟ ನಿಲ್ಲಿಸುವ ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಎಳಿ ಮಾರಾಯ, ಎಳಿ ಎಂದು ನನ್ನ ಮನಸ್ಸು ಕುಣಿಯುತ್ತಿತ್ತು.

ಎಳೆದರು. ಚೆನ್ನಾಗಿದ್ದ ಎಂಜಿನ್ ನಿಂತುಹೋಯಿತು, ಬೆಂಕಿ ಹತ್ತಿದ್ದು ಮೊದಲೇ ಸತ್ತಿತ್ತು. ಡಬ್ಬಿಯೊಳಗೆ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಪರದೆಯ ಮೇಲೆ ಹೊಲಗಳು ದೊಡ್ಡದಾಗುತ್ತಾ ಬಂದವು, ಆಮೇಲೆ ಎಲ್ಲ ಕೆಂಪಾಯಿತು. ನನ್ನ ಹೊಟ್ಟೆಯೊಳಗೆ ತಣ್ಣೀರು ಹೊಯ್ದ ಹಾಗಾಯಿತು. ಸುಳ್ಳೇಕೆ ಹೇಳಲಿ, ಅಷ್ಟು ಸುಖ ನನಗೆ ಇನ್ನಾವುದರಲ್ಲೂ ಸಿಕ್ಕಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಮೂವರೂ ಕೂತೆವು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಗುಬ್ಬಿಯತ್ತ ಬೆರಳು ಚಾಚಿದರು.

“ಇವಳು ಹೇಳಬೇಕಿತ್ತು! ಪಕ್ಕದಲ್ಲಿ ಕಲ್ಲಿನ ಹಾಗೆ ಕೂತಿದ್ರೆ ನಾನೊಬ್ಬ ಏನೇನು ಅಂತ ನೋಡ್ಲಿ?”

“ನೋಡಿದ್ಯಾ ನೀನು?” ಎಂದು ಅವಳನ್ನು ಕೇಳಿದೆ.

“ನೋಡ್ದೆ ಮೇಡಂ.”

“ಮತ್ತೆ ಯಾಕೆ ಹೇಳಲಿಲ್ಲ?”

“ಕೇಳೋ ತನಕ ಬಾಯಿ ಬಿಡಬೇಡ ಅಂದಿದ್ರು.” ಎಂದಳು. “ಅವರು ಕೇಳಲೇ ಇಲ್ಲ.”

ಸಾಹೇಬರು ನನ್ನ ಮುಖ ನೋಡಿದರು. ಅವತ್ತಿನ ಕಚೇರಿ ಅವರಿಗೆ ನೆನಪಾಯಿತು ಎಂಬುದು ಅವರ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

“ಅವತ್ತು ನಾನು ಮಾತಾಡಿದ್ದು ತಪ್ಪು. ಇವತ್ತು ಇವಳು ಮಾತಾಡದೇ ಇದ್ದದ್ದು ತಪ್ಪು. ಪಾಪ ಸಾರ್, ನಿಮಗೆ ಎಂಥವರನ್ನು ಕೊಟ್ರೂ ಸರಿಹೋಗಲ್ಲ,” ಎಂದೆ. ‘ಪಾಪ’ ಎಂಬುದನ್ನು ಎಳೆದೇ ಹೇಳಿದೆ. ಆಮೇಲೆ ಫೇಲ್ ಎಂದೆ. ಮಾಡಿದ್ದುಣ್ಣೋ ಮಹರಾಯ.

ಅವರು ಎದ್ದು ಹೋದರು. ಗುಬ್ಬಿ ಕೂತೇ ಇದ್ದಳು.

“ನಾನು ಮೇಡಂ?”

ಇದೊಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಪ್ಪು ಕಂಡೂ ಹೇಳದ ಸಹ ಪೈಲಟ್ಟನ್ನು ಪಾಸು ಮಾಡುವಂತಿಲ್ಲ. ಅವಳನ್ನು ಉಳಿಸಲು ಪರೀಕ್ಷೆಯನ್ನೇ ರದ್ದು ಮಾಡಿ ಅವರನ್ನೂ ಉಳಿಸಬೇಕಿತ್ತು. ಅದು ನನ್ನಿಂದ ಆಗುವ ಮಾತೇ?

“ನೀನೂ ಫೇಲೇ ಕಣಮ್ಮಾ,” ಎಂದೆ.

ಅವಳು ಅಳಲಿಲ್ಲ. “ನೀವೂ ನೋಡಿದ್ರಲ್ಲಾ ಮೇಡಂ. ಪರದೆ ಗಾಜಲ್ಲಿ ನಿಮ್ಮ ಮುಖ ಕಾಣ್ತಿತ್ತು. ನೀವು ನಗ್ತಾ ಇದ್ರಿ,” ಎಂದಳು.

ಅವಳು ನನ್ನನ್ನು ನೋಡಿದ ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಕಾಫಿ ಲೋಟ ಹಿಡಿದುಕೊಂಡು ಅದೇ ನೋಟದಲ್ಲಿ ನಾನು ಎಡಗಡೆಯವರನ್ನು ನೋಡುತ್ತಿದ್ದೆ.

ಸಾಹೇಬರಿಗೆ ಮುಖ್ಯಸ್ಥರ ಕುರ್ಚಿ ತಪ್ಪಿತು. ಬೇರೆ ಪರೀಕ್ಷಕರ ಬಳಿ ಮತ್ತೆ ಪರೀಕ್ಷೆ ಕೊಟ್ಟು ಪಾಸಾದರು. ಈಗ ಹಿಡಿಯ ಮೇಲೆ ಕೈಯಿಟ್ಟು ಪಕ್ಕದ ಎಳೆಯರನ್ನು ಸಣ್ಣ ದನಿಯಲ್ಲಿ “ಇದೇನಾ?” ಎಂದು ಕೇಳುತ್ತಾರಂತೆ. ಆ ಸುದ್ದಿ ತಂದವರಿಗೆಲ್ಲ ನಾನು ಕಾಫಿ ಕುಡಿಸುತ್ತೇನೆ.

ಗುಬ್ಬಿಯ ಮರುಪರೀಕ್ಷೆಗೆ ಮೊದಲು ಅವಳನ್ನು ನಾನೇ ತಯಾರು ಮಾಡಿದೆ. ದಿನವೂ ಎಡಗಡೆ ನಾನು ಕೂರುತ್ತಿದ್ದೆ, ಬಲಗಡೆ ಅವಳು. ಕೆಲಸದ ಮಾತು ಬಿಟ್ಟರೆ ಒಂದು ಮಾತು ಹೆಚ್ಚಿಗೆ ಆಡುತ್ತಿರಲಿಲ್ಲ. ಕೊನೆಯ ದಿನ ಬೆಂಕಿಯ ಗಂಟೆ ಬಡಿಯುತ್ತಿರುವಾಗ ನಾನು ಬೇಕೆಂದೇ, ಏನನ್ನೂ ಕೇಳದೆ, ಒಳ್ಳೆಯ ಎಂಜಿನ್ನಿನ ಹಿಡಿಗೆ ಕೈ ಹಾಕಿದೆ.

“ಮುಟ್ಟಬೇಡಿ! ಅದಲ್ಲ!” ಎಂದು ಡಬ್ಬಿಯೇ ಹಾರಿಹೋಗುವಂತೆ ಕಿರುಚಿ ನನ್ನ ಕೈಗೆ ಫಟೀರೆಂದು ಒಂದು ಬಿಟ್ಟಳು.

ಸಂಜೆ ಮನೆಯಲ್ಲಿ ಅಮ್ಮ ನನ್ನ ಕೈ ಹಿಡಿದು ನೋಡಿದಳು. “ಇದೇನೇ ಇಷ್ಟು ಊದಿದೆ? ಯಾರು ಹೊಡೆದದ್ದು?”

“ನನ್ನ ಶಿಷ್ಯೆ, ಪಾಠದ ನಡುವೆ,” ಎಂದೆ.

“ಪಾಠಕ್ಕೆ ಅಷ್ಟು ಜೋರಾಗಿ ಹೊಡೀಬೇಕಿತ್ತಾ?”

“ಪಾಠಕ್ಕೆ ಬೇಕಿರಲಿಲ್ಲಮ್ಮ,” ಎಂದು ಕೈಯನ್ನು ತಣ್ಣೀರಿನಲ್ಲಿ ಅದ್ದಿದೆ.