ಅಡ್ಡಾಡುತ್ತಿದ್ದ ಆಚಾರ್ರು

ಕಳೆದ ವಾರ ಶ್ರೀರಂಗಪಟ್ಟಣದ ಚಪ್ಪಲಿ ಅಂಗಡಿಯಲ್ಲಿ ಕ್ಯಾನ್ವಾಸ್ ಶೂ ಡಬ್ಬಿ ತೆರೆದಾಗ ಹೊಸ ರಬ್ಬರಿನ ವಾಸನೆ ಬಂತು. ಅದರ ಹಿಂದೆಯೇ ಪಾಲಹಳ್ಳಿಯ ನಮ್ಮ ಪಕ್ಕದ ಮನೆಯ ಆಚಾರ್ರು ನೆನಪಿಗೆ ಬಂದರು.

ತೊಂಬತ್ತರ ದಶಕದ ಮಾತು. ನಾನು ಆಗ ಒಂದು ದಿನಪತ್ರಿಕೆಗೆ ಊರ ಸುದ್ದಿ ಕಳಿಸುತ್ತಿದ್ದೆ. ಆಚಾರ್ರು ಅಕ್ಕಸಾಲಿ; ಅಗ್ಗಿಷ್ಟಿಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇ ಆಯುಸ್ಸು ಕಳೆದವರು. ಸಕ್ಕರೆ ಕಾಯಿಲೆಯಿಂದ ಎಡಪಾದ ಜೋಮು ಹಿಡಿಯುತ್ತಿತ್ತು. ದಿನಾ ಒಂದು ಗಂಟೆ ನಡೆಯದಿದ್ದರೆ ಮುಂದೆ ಕಾಲು ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆಚಾರ್ರು ಅಂಥದೇ ಕ್ಯಾನ್ವಾಸ್ ಶೂ ಕೊಂಡರು. ಮೊದಲ ದಿನ ನಾಲೆ ಏರಿಯ ಮೇಲೆ ಬೆಳಗೊಳದ ಕಡೆ ಹೊರಟು, ಇನ್ನೇನು ಊರಿನತ್ತ ತಿರುಗಿದ್ದರು, ಹಿಂದಿನಿಂದ ಟ್ರಾಕ್ಟರು ಬಂತು.

"ಎಲ್ಲಿಂದ ಆಚಾರ್ರೆ? ಅತ್ಕಳಿ, ಊರಿಗ್ ಬುಡ್ತೀನಿ."

ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ನಮ್ಮ ಕಡೆ ಯಾರೂ ನಂಬುತ್ತಿರಲಿಲ್ಲ. ಹಾಗೆ ನಡೆಯುವವನು ಮನೆಯಲ್ಲಿ ಜಗಳವಾಡಿ ಬಂದಿರಬೇಕು, ಇಲ್ಲವೇ ಯಾರದೋ ಕಬ್ಬಿನ ಮೇಲೆ ಕಣ್ಣಿಟ್ಟಿರಬೇಕು. ಹತ್ತುವುದಿಲ್ಲ ಎಂದರೆ ಕರೆದವನಿಗೆ ಅವಮಾನ. ಆಚಾರ್ರು ಹತ್ತಿದರು. ಮರುದಿನ ಹಾಲಿನ ವ್ಯಾನು, ಅದರ ಮರುದಿನ ಎತ್ತಿನ ಗಾಡಿ... ಸಕ್ಕರೆ ಇಳಿಯಲಿಲ್ಲ.

ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು.

"ಮುಟ್ಬ್ಯಾಡ ಕಣಪ್ಪ, ಬೆಳಗೊಳ್ದಲ್ಲಿ ಮಣ್ಣಿಗೋಗಿ ಬತ್ತಾವ್ನಿ."

ಹೆಣ ಹೂಳಿ ಬಂದವರನ್ನು ಸ್ನಾನವಾಗುವ ತನಕ ಯಾರೂ ಮುಟ್ಟುತ್ತಿರಲಿಲ್ಲ. ಟ್ರಾಕ್ಟರು ಸರ್ರನೆ ಮುಂದೆ ಹೋಯಿತು. ಒಂಬತ್ತು ದಿನ ಆಚಾರ್ರು ನೆಮ್ಮದಿಯಾಗಿ ನಡೆದರು.

ಹತ್ತನೆಯ ದಿನ ಟ್ರಾಕ್ಟರಿನವನು ನಮ್ಮ ಜಗಲಿಗೇ ಬಂದ. "ಏನ್ಲಾ ಪೇಪರ್‌ನೋನೆ, ಬೆಳಗೊಳ್ದಲ್ಲಿ ದಿನಕ್ಕೊಂದ್ ಎಣ ಬೀಳ್ತಾವೆ, ವಾಂತಿಭೇದಿಯಂತೆ. ನೀನು ಒಂದ್ ಗೆರೆ ಬರ್ದಿಲ್ವಲ್ಲಾ?"

ಸೈಕಲ್ ಹತ್ತಿ ಹೋಗಿ ವಿಚಾರಿಸಿದೆ. ಆ ತಿಂಗಳು ಬೆಳಗೊಳದಲ್ಲಿ ಸತ್ತದ್ದು ಒಂದು ಎಮ್ಮೆ.

ವಿಷಯ ತಿಳಿಸಿದಾಗ ಆಚಾರ್ರು ತಲೆ ತಗ್ಗಿಸಿದರು. "ಅಂಗಾರೆ ನೀನೇ ಒಂದ್ ಮಾತ್ ಕೊಡಪ್ಪ. ಏನಂತ ಏಳ್ಕಂಡು ನಡೀಲಿ?"

ನಿಘಂಟು ತೆಗೆದೆ. ವಾಯುವಿಹಾರ. ವಿಹಾರ ಎಂದರೆ ಸಂತೋಷಕ್ಕಾಗಿ ತಿರುಗುವುದು. ಬೌದ್ಧ ಭಿಕ್ಷುಗಳ ನೆಲೆಗೂ ಅದೇ ಹೆಸರು.

"ಬ್ಯಾಡ ಬುಡು. ಸನ್ಯಾಸಿ ಆಗ್ಬುಟ್ಟ ಅಂತ ನಮ್ಮನೇವ್ಳು ಪೊರಕೆ ತಕ್ಕಂಡ್ ಬತ್ತಾಳೆ."

ಅಡ್ಡಾಡು. ಅಡ್ಡ ಮತ್ತು ಆಡು ಸೇರಿ ಆದ ಮಾತು. ನೆಟ್ಟಗೆ ಹೋಗುವವನಿಗೆ ಕೆಲಸವಿದೆ, ಅತ್ತಿಂದಿತ್ತ ಓಡಾಡುವವನಿಗೆ ಇಲ್ಲ ಎಂದು ನಾನೇ ಅರ್ಥ ಬಿಡಿಸಿದೆ. ಆಚಾರ್ರು ಎಡಪಾದ ನೀವಿಕೊಳ್ಳುತ್ತಾ ಆ ಮಾತನ್ನು ಎರಡು ಸಲ ಹೇಳಿ ನೋಡಿದರು.

ಮರುದಿನ ನಾನೂ ಜೊತೆಗಿದ್ದೆ. ಟ್ರಾಕ್ಟರು ನಿಂತಿತು. "ಇವತ್ತು ಯಾರ್ದು ಮಣ್ಣು?"

"ಯಾರೂ ಸತ್ತಿಲ್ಲ ಕಣ್ಲಾ. ಕಾಲ್ ಉಳಿಸ್ಕಳಕ್ಕೆ ಅಡ್ಡಾಡ್ತಾವ್ನಿ. ಇನ್ನೊಂದ್ಸಲ ಅತ್ಕಳಿ ಅಂದ್ರೆ, ಡಾಕ್ಟ್ರು ಕುಯ್ದಾಕಿದ್ ಕಾಲ ನೀನೇ ಟ್ರಾಕ್ಟರಲ್ಲಿ ಏರ್ಕಂಡ್ ಬರ್ಬೇಕು!"

ಅವನು ಇಂಜಿನ್ ಆರಿಸಿದ. ಕೆಳಗಿಳಿದು, ಊರ ತನಕ ಆಚಾರ್ರ ಪಕ್ಕದಲ್ಲಿ ನಡೆದ. ಹಿಂದೆ ಏರಿಗೆ ಅಡ್ಡಲಾಗಿ ನಿಂತಿದ್ದ ಟ್ರಾಕ್ಟರಿಗೆ ಹಾಲಿನ ವ್ಯಾನಿನವನು ಹಾರ್ನ್ ಹೊಡೆಯುತ್ತಲೇ ಇದ್ದ...

ಈಗ ಅದೇ ಏರಿಯ ಮೇಲೆ ಬೆಳಿಗ್ಗೆ ಜನ ಸಾಲುಗಟ್ಟಿ ನಡೆಯುತ್ತಾರೆ. ನಾನೂ ನಡೆಯುತ್ತೇನೆ. ಆಚಾರ್ರಿಲ್ಲ. ಅವರ ನಿಧನ ವಾರ್ತೆ ಬರೆದದ್ದು ನಾನೇ: ಹೆಸರು, ವಯಸ್ಸು, ಕಸುಬು, ಅಗಲಿದ ಬಂಧುಗಳು. ಕೊನೆಯ ದಿನದವರೆಗೂ ಎರಡು ಕಾಲ ಮೇಲೆ ನಡೆದರು ಎಂದು ಬರೆಯಲಿಲ್ಲ. ಬರೆಯಬೇಕಿತ್ತು.